ಸೋವಿ ಬಾಡಿಗೆಯ ಖೋಲಿ

"ಇಲ್ಲಿ ತಗೋಬ್ಯಾಡ್ರಿ ಮೇಡಂ. ಇದು ಪ್ರವಾಸಿಗಳ ರೇಟು."

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ಮಹೇಶ್ವರಿಯ ಕೈಯಲ್ಲಿದ್ದ ಟೊಮೆಟೊ ಜಾರಿ ಮತ್ತೆ ಬುಟ್ಟಿಗೇ ಬಿತ್ತು.

ಕನ್ನಡ... ಅದೂ ತನ್ನ ಕಡೆಯ ಕನ್ನಡ!

ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಬಂದು ಇಪ್ಪತ್ತಾರು ದಿನವಾಗಿತ್ತು. ಅಷ್ಟೂ ದಿನ ಫೋನು ಬಿಟ್ಟರೆ ಯಾರೊಬ್ಬರ ಬಾಯಲ್ಲೂ ಅವಳು ಕನ್ನಡ ಕೇಳಿರಲಿಲ್ಲ. ತಿರುಗಿ ನೋಡಿದಳು. ಮೂವತ್ತೈದು ದಾಟಿದ ಗಂಡಸು. ಹುಬ್ಬಿನ ತುಂಬ ಕಲ್ಲಿನ ಪುಡಿ.

"ನಾ ಕನ್ನಡದಾಕಿ ಅಂತ ಹೆಂಗ ಗೊತ್ತಾತ್ರಿ?"

"ಈಗಷ್ಟ ಈ ಅಂಗಡಿಯವಗ 'ನಿನ್ನ ಮನಿ ಹಾಳಾಗ' ಅಂದ್ರೆಲ್ಲ." ಅವನ ಮುಖದಲ್ಲಿ ನಗು ಇರಲಿಲ್ಲ. ಕಣ್ಣಲ್ಲಿ ಇತ್ತು. "ಬಾದಾಮಿಯವ್ನರಿ ನಾ. ಶಂಕರಲಿಂಗ. ರಿಸಾರ್ಟಿನಾಗ ನೆಲಕ್ಕ ಫರಸಿ ಕಲ್ಲ ಹಾಕೂ ಕೆಲಸ."

ಎಷ್ಟೋ ದಿನಗಳ ಮೇಲೆ ಮಹೇಶ್ವರಿ ನಕ್ಕಳು.

ಅವಳು ಹುನಗುಂದದವಳು. ಗಂಡ ಬಿಟ್ಟ ಮೇಲೆ ನಾಲ್ಕು ವರ್ಷ ಅಣ್ಣನ ಮನೆಯಲ್ಲಿದ್ದಳು. ಗಂಡನ ಮನೆಯಲ್ಲಿ ಅತ್ತೆ ಮಾತುಮಾತಿಗೂ "ನಮ್ಮ ಅನ್ನ ತಿಂದಾಕಿ" ಅನ್ನುತ್ತಿದ್ದಳು. ಅಣ್ಣ ಹಾಗೆಂದೂ ಅನ್ನಲಿಲ್ಲ. ಆದರೂ ತಾಟಿನ ಮುಂದೆ ಕೂತಾಗಲೆಲ್ಲ ಆ ಮಾತು ಅವಳ ಕಿವಿಯಲ್ಲೇ ಇರುತ್ತಿತ್ತು. ದ್ವೀಪದ ದವಾಖಾನೆಯಲ್ಲಿ ಗುತ್ತಿಗೆ ನರ್ಸ್ ಕೆಲಸ ಸಿಕ್ಕಾಗ ಒಂದು ಕ್ಷಣವೂ ಯೋಚಿಸದೆ ಹೊರಟುಬಂದಳು.

ಹುನಗುಂದದಲ್ಲಿ ಕೂತು ನೋಡಿದಾಗ ದೊಡ್ಡದಾಗಿ ಕಂಡಿದ್ದ ಪಗಾರ ಇಲ್ಲಿ ಬಂದ ಮೇಲೆ ಸಣ್ಣದಾಯಿತು. ಬೀಚಿನ ಓಣಿಯ ಖೋಲಿಗೇ ಅರ್ಧ ಹೋಗುತ್ತಿತ್ತು. ಕುಡಿಯುವ ನೀರೂ ಕೊಳ್ಳಬೇಕು. ಮಧ್ಯಾಹ್ನ ಅನ್ನ-ಬೇಳೆ, ರಾತ್ರಿ ಬಿಸ್ಕೀಟು. 'ಇನ್ನೊಂದು ತಿಂಗಳು ನೋಡೋಣ... ಆಗದಿದ್ದರೆ ವಾಪಸ್' ಅಂತ ಅವಳು ಒಳಗೇ ಸೋತಿದ್ದಳು.

ಅದನ್ನು ಆ ಸಂತೆಯಲ್ಲೇ ಅವನ ಮುಂದೆ ಹೇಳಿಯೂಬಿಟ್ಟಳು.

"ಸಮುದ್ರದ ದಂಡಿ ಬಿಟ್ಟ ಒಳಗ ಬರ್ರಿ. ಬದುಕು ಅಲ್ಲೇ ಸೋವಿ ಐತಿ," ಅಂದ.

ಎರಡು ದಿನ ಬಿಟ್ಟು ಅವಳನ್ನು ಶಮಾ ಎಂಬ ವಿಧವೆಯ ಮನೆಗೆ ಕರೆದೊಯ್ದ. ಹಿತ್ತಲಲ್ಲಿ ತಗಡಿನ ಮಾಡಿನ ಒಂದು ಖೋಲಿ, ಪಕ್ಕದಲ್ಲೇ ಸಿಹಿನೀರಿನ ಬಾವಿ. ಬಾಡಿಗೆ ಮೊದಲಿನದರ ಕಾಲುಭಾಗ!

"ಇಷ್ಟ ಸೋವಿ ಖೋಲಿ ಹೆಂಗ ಖಾಲಿ ಉಳದೈತ್ರಿ?"

"ನಿನ್ನೆನ ಖಾಲಿ ಆಗೇತಿ," ಅಂದ, ಬಾವಿಯ ಕಡೆ ನೋಡುತ್ತ.

ಆಮೇಲೆ ಒಂದೊಂದೇ ಕಲಿಸಿದ. ಕಾಯಿಪಲ್ಯೆ ತರಬೇಕಾದರೆ ಹಡಗು ಬಂದ ದಿನ ಮಧ್ಯಾಹ್ನ ಹೋಗಬೇಕು. ಆಟೋ ಬೇಡ, ಸರಕಾರಿ ಬಸ್ಸಿದೆ. ಬಚ್ಚಲ ನೀರು ಹರಿಯುವಲ್ಲಿ ರಾಜಗಿರಿ ಸೊಪ್ಪು ಹಾಕಬಹುದು.

ಊರಿನಿಂದ ಜೋಳದ ಹಿಟ್ಟು ಪಾರ್ಸಲ್ ಬಂದ ವಾರ ಅವಳು ಅವನನ್ನು ಊಟಕ್ಕೆ ಕರೆದಳು. ಅವನು ಒಳಗೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ತಿಂದ. ಅಂದಿನಿಂದ ಪ್ರತಿ ರವಿವಾರ ಬಂದ. ಅವನು ಕಟ್ಟೆಯ ಮೇಲೆ, ಅವಳು ಹೊಸ್ತಿಲಲ್ಲಿ. ಮಾತು, ಮಾತು... ಮುಗಿಯುತ್ತಲೇ ಇರಲಿಲ್ಲ.

'ರವಿವಾರಗಳ ನಡುವೆ ಇಷ್ಟೊಂದು ದಿನ ಯಾಕಿರಬೇಕು?' ಅಂತ ಒಂದು ಬುಧವಾರ ಅವಳ ಮನಸ್ಸು ಕೇಳಿತು. ಕೇಳಿದ್ದಕ್ಕೆ ತಾನೇ ನಾಚಿದಳು.

ಮಳೆಗಾಲದ ನಡುವೆ ಅವನಿಗೆ ಜ್ವರ ಬಂತು. ಜೊತೆಗೆ ಕೆಲಸ ಮಾಡುವ ಅಕೀಲ ಅವನನ್ನು ದವಾಖಾನೆಗೆ ಹೊತ್ತು ತಂದ. ಕಾಗದ ತುಂಬುವಾಗ ಮಹೇಶ್ವರಿ ಹಿಂದಿಯಲ್ಲಿ ವಿಳಾಸ ಕೇಳಿದಳು.

"ಸಿಮೆಂಟು ಇಡುವ ಶೆಡ್ಡು," ಅಂದ ಅಕೀಲ. "ಶಮಾ ಆಂಟಿಯ ಖೋಲಿ ಬಿಟ್ಟಾಗಿನಿಂದ ಚೀಲಗಳ ಮೇಲೇ ಮಲಗ್ತಾನೆ. ಮೇಲೆಲ್ಲ ಸೋರತ್ತೆ."

ಅವಳ ಕೈಯಲ್ಲಿನ ಪೆನ್ನು ನಿಂತುಬಿಟ್ಟಿತು.

ಎರಡನೇ ದಿನ ಜ್ವರ ಇಳಿಯಿತು. ಅವನು ಕಣ್ಣು ತೆರೆದಾಗ ಅವಳು ಮಂಚದ ಬದಿಗೆ ನಿಂತಿದ್ದಳು.

"ಅದು ನಿಮ್ಮ ಖೋಲಿ ಹೌದಿಲ್ಲೋ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ಯಾರ ಹಂಗೂ ಬ್ಯಾಡಂತ ಸಮುದ್ರ ದಾಟಿ ಬಂದಾಕಿ ನಾ. ಇಲ್ಲೂ ಇನ್ನೊಬ್ಬರ ಕನಿಕರದಾಗ ಮಲಗೀನಿ. ನನಗ ಒಂದ ಮಾತ ಹೇಳಬಾರದಿತ್ತೇನ್ರಿ ನೀವು?" "ಇನ್ನ ಮ್ಯಾಲೆ ರವಿವಾರ ಬರಬ್ಯಾಡ್ರಿ."

ಅವನು ಬರಲಿಲ್ಲ.

ಮೂರನೇ ವಾರ ಫೋನಿಗೆ ಒಂದು ಸಂದೇಶ ಬಂತು. 'ಇಲ್ಲಿ ಕೆಲಸ ಮುಗೀತು. ಊರಿಗೆ ಹೊಂಟೀನಿ. ಖೋಲಿ ಬಿಡಬ್ಯಾಡ್ರಿ.' ಅವಳು ದಕ್ಕೆಗೆ ಓಡಿದಾಗ ಹಡಗು ಹೊರಟು ತಾಸಾಗಿತ್ತು.

ಫೋನಿನಲ್ಲಿ ಆಡುವ ಮಾತಲ್ಲ ಅಂತ ಅವಳು ಅವನಿಗೆ ಕರೆ ಮಾಡಲಿಲ್ಲ. ಐದು ತಿಂಗಳು ಕಳೆಯಿತು. ಈಗ ಅವಳಿಗೆ ಸೋವಿಯಲ್ಲಿ ಬದುಕುವುದು ಪೂರಾ ಬಂದಿತ್ತು. ಪಗಾರದಲ್ಲಿ ದುಡ್ಡು ಉಳಿಯುತ್ತಿತ್ತು. ಸೊಪ್ಪು ಇಬ್ಬರಿಗಾಗುವಷ್ಟು ಬೆಳೆಯುತ್ತಿತ್ತು... ರವಿವಾರ ರೊಟ್ಟಿ ಬಡಿದು ಹೊಸ್ತಿಲಲ್ಲಿ ಕೂತರೆ ಎದುರಿನ ಕಟ್ಟೆ ಖಾಲಿ. ಎಷ್ಟೋ ಸಲ ಮಾಡಿದ್ದನ್ನೆಲ್ಲ ಶಮಾಳಿಗೆ ಕೊಟ್ಟು ಹಾಗೇ ಮಲಗಿದಳು.

ರಜೆ ಸಿಕ್ಕಾಗ ಹುನಗುಂದಕ್ಕೆ ಬಂದಳು. ಮೂರನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿರುವಾಗ ಅಣ್ಣ ಕೇಳಿದ, "ಎಲ್ಲಿಗೆವ್ವಾ?"

"ಬಾದಾಮಿಗೆ."

"ಯಾರ ಮನಿಗೆ?"

"ಅದ ಇನ್ನೂ ಗೊತ್ತಿಲ್ಲಣ್ಣಾ. ಬಂದ ಹೇಳ್ತೇನಿ."

ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ಅಕೀಲ ಫೋನಿನಲ್ಲಿ ಹೇಳಿದ್ದ. ಬಾದಾಮಿಯಲ್ಲಿ ಬಸ್ಸಿಳಿದು ಟಂಟಂ ಹಿಡಿದು ಬನಶಂಕರಿಗೆ ಬಂದಳು. ಗುಡಿಗೆ ಹೊಸದಾಗಿ ಕಟ್ಟುತ್ತಿದ್ದ ಊಟದ ಮನೆಯೊಳಗೆ ಶಂಕರಲಿಂಗ ಮೊಣಕಾಲೂರಿ ಫರಸಿ ಕೂಡಿಸುತ್ತಿದ್ದ. ತೆಳ್ಳಗಾಗಿದ್ದ.

ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ. ಬಡಿಯುತ್ತಿದ್ದ ಕೈ ಅಲ್ಲೇ ನಿಂತಿತು.

"ನೀವು... ಇಲ್ಲಿ?"

"ಜ್ವರಾ ಪೂರಾ ಹೋಗೇತಿಲ್ಲೋ ನೋಡಾಕ ಬಂದೆ."

"ಐದ ತಿಂಗಳಾತ್ರಿ."

"ಹೌದು. ತಡಾ ಆತು."

ಕೆಲಸದವರು ಊಟಕ್ಕೆ ಎದ್ದು ಹೋದರು. ಮಹೇಶ್ವರಿ ಅವನೆದುರು ಬರೀ ನೆಲದ ಮೇಲೆ ಕೂತಳು.

"ಖರೆ ಹೇಳ್ರಿ. ನನ್ನ ಮ್ಯಾಲೆ ಕನಿಕರಾ ಬಂದು ಖೋಲಿ ಬಿಟ್ರೇನು?"

"ಕನಿಕರ ಅಲ್ರಿ." ಅವನು ಮಣ್ಣಾದ ಕೈ ನೋಡಿಕೊಂಡ. "ಅಂಜಿಕಿ. ನಾಲ್ಕ ವರ್ಷ ಆ ದ್ವೀಪದಾಗ ಒಬ್ಬನ ಇದ್ದೆ. ನಿಮ್ಮ ದನಿ ಕೇಳಿದ ಮ್ಯಾಲೆ... ತುಟ್ಟಿ ಆತು ಅಂತ ನೀವು ಊರಿಗೆ ಹೋಗಿಬಿಟ್ರ ಮತ್ತ ಒಬ್ಬನ ಉಳೀತೇನಿ ಅನ್ನಿಸ್ತು. ನಿಮಗ ಉಪಕಾರ ಮಾಡಾಕಂತ ಖೋಲಿ ಬಿಟ್ಟಿಲ್ಲ. ನನ್ನ ಸಲುವಾಗಿ ಬಿಟ್ಟೆ."

ಅವಳ ಕಣ್ಣು ತುಂಬಿದವು. 'ಇಷ್ಟು ದಿನ ಯಾವುದನ್ನು ಹಂಗು ಅಂದುಕೊಂಡು ಬೆಂದುಹೋದೆ ನಾನು!'

"ಅವತ್ತ ಯಾಕ ಹೇಳಲಿಲ್ಲ?"

"ನಾ ಕಲ್ಲಿನ ಕೆಲಸದವ. ನೀವು ದವಾಖಾನಿಯವ್ರು. ನಿಮ್ಮ ಅಣ್ಣಾರು ಏನಂದಾರು?"

"ಅಣ್ಣಗ ನಾ ಹೇಳ್ತೇನಿ. ನೀವು ನನಗ ಹೇಳ್ರಿ."

ಅವನು ಮೊದಲ ಸಲ ಹೆಸರು ಹಿಡಿದು ಕರೆದ.

"ಮಹೇಶ್ವರಿ... ನಿಮ್ಮನ್ನ ಬಿಟ್ಟ ಇರೂದು ನನ್ನ ಕಡಿಂದ ಆಗವಲ್ದು."

ಅವಳು ಕೈ ಚಾಚಿ, ಸಿಮೆಂಟು ಮೆತ್ತಿದ ಅವನ ಬೆರಳುಗಳನ್ನು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಮುಂದಿನ ತಿಂಗಳ ನನ್ನ ರಜಾ ಮುಗೀತೈತಿ," ಅಂದಳು. "ಬರ್ತೀರಿಲ್ಲೋ?"

"ಬರ್ತೇನಿ. ಆದ್ರ ಆ ಖೋಲಿ ಇಬ್ಬರಿಗೆ ಭಾಳ ಸಣ್ಣದೈತ್ರಿ."

"ಒಬ್ಬಾಕಿಗೆ ಭಾಳ ದೊಡ್ಡದಾಗಿತ್ತು," ಅಂದಳು ಮಹೇಶ್ವರಿ.