ಗಮನಮಾಪಕ ಮತ್ತು ರೊಟ್ಟಿಯ ಸಪ್ಪಳ

ಹುಬ್ಬಳ್ಳಿಯ ಆಹಾರಯಂತ್ರ ಸಮ್ಮೇಳನದ ಉದ್ಘಾಟಕರು ಶಾಲು ಹೊದ್ದು, ಹಾರ ಹಾಕಿಸಿಕೊಂಡು, ವೇದಿಕೆಯ ಮೇಲಿದ್ದವರ ಹೆಸರನ್ನೆಲ್ಲ ಒಂದೂ ಬಿಡದೆ ಹೇಳಿ, "ಈ ಶುಭಸಂದರ್ಭದಲ್ಲಿ ನಾನು ಹೆಚ್ಚು ಮಾತನಾಡುವುದಿಲ್ಲ" ಎಂದರು. ಹಾಗೆ ಹೇಳಿದವರು ಊಟದ ಹೊತ್ತಿನವರೆಗೂ ಇಳಿಯುವುದಿಲ್ಲ ಎಂದು ಸಭೆಗೆ ಗೊತ್ತಿತ್ತು. ಆದರೆ ಅವರು ದೇಶದ ಪ್ರಗತಿಯ ಮಾತಿಗೆ ಬರುವಷ್ಟರಲ್ಲಿ ಮೈಕು ತಾನಾಗಿಯೇ ಸತ್ತಿತು. ಉದ್ಘಾಟಕರು ಅದನ್ನು ಬೆರಳಿನಿಂದ ತಟ್ಟಿದರು, ಊದಿದರು, ಕೊನೆಗೆ ಕೈಮುಗಿದು ಕುಳಿತರು. ಸಭೆ ಮನಸಾರೆ ಚಪ್ಪಾಳೆ ತಟ್ಟಿತು.

ಇದು ಧಾರವಾಡದ ವಿಜ್ಞಾನಿ ಡಾ. ಇಂದುಧರ ಕಮ್ಮಾರರ ಗಮನಮಾಪಕದ ಕೆಲಸ. ಆ ಕಾಲಕ್ಕೆ ಅಡುಗೆಮನೆಯ ಎಲ್ಲ ಕೆಲಸಕ್ಕೂ ಯಂತ್ರ ಬಂದಿತ್ತು. ಭಾಷಣಗಳು ಮಾತ್ರ ಅಜ್ಜನ ಕಾಲದಷ್ಟೇ ಉದ್ದವಾಗಿದ್ದವು. ಗಮನಮಾಪಕದ ಸಂವೇದಕಗಳು ಪ್ರತಿ ಕುರ್ಚಿಯಲ್ಲೂ ಇರುತ್ತಿದ್ದವು. ಕೇಳುಗನ ಕಣ್ಣು ಎತ್ತ ನೋಡುತ್ತಿದೆ, ನಾಡಿ ಹೇಗೆ ಬಡಿಯುತ್ತಿದೆ, ಕುತ್ತಿಗೆ ಎಷ್ಟು ಜೋತಿದೆ ಎಂಬುದನ್ನು ಅವು ಗ್ರಹಿಸುತ್ತಿದ್ದವು. ಇಡೀ ಸಭೆಯ ಗಮನ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಮೈಕಿನ ವಿದ್ಯುತ್ತು ನಿಲ್ಲುತ್ತಿತ್ತು, ಭಾಷಣಕಾರರು ಕೆಳಗಿಳಿಯಬೇಕಿತ್ತು. ಅದಕ್ಕೆ ಮಂತ್ರಿಯೂ ಒಂದೇ, ಕಂತ್ರಿಯೂ ಒಂದೇ.

ಮುಂದಿನ ಸರದಿ ನೀಲಾಂಬಿಕಾ ಬಳಿಗಾರರದು. ಜೋಳದ ರೊಟ್ಟಿ ಮಾಡುವ ಯಂತ್ರಗಳ ಸಣ್ಣ ಕಾರ್ಖಾನೆ ಅವರದು. ಮೊದಲು ಮಾಡಿದ ಯಂತ್ರಗಳೆಲ್ಲ ಖಾನಾವಳಿಗಳಿಂದ ವಾಪಸು ಬಂದಿದ್ದವು. ಈಗ ಹೊಸದೊಂದನ್ನು ಮಾಡಿದ್ದರು. ನಾಡಿನ ಖಾನಾವಳಿಯವರೆಲ್ಲ ಸೇರುವ ಈ ಸಭೆಯಲ್ಲಿ ಅದನ್ನು ಯಾರೂ ಒಪ್ಪದಿದ್ದರೆ ಕಾರ್ಖಾನೆಗೆ ಬೀಗ ಹಾಕುವುದೊಂದೇ ದಾರಿ.

"ಸರ, ಇದು ನನ್ನ ಮೈಕೂ ಬಂದ್ ಮಾಡತೈತೇನ್ರಿ?" ಎಂದು ಅವರು ವೇದಿಕೆಯ ಬದಿಯಲ್ಲಿ ನಿಂತಿದ್ದ ಇಂದುಧರರನ್ನು ಕೇಳಿದರು.

"ಮಂದಿ ಕೇಳಾಕತ್ತಿದ್ರ ಯಾಕ ಮಾಡತೈತ್ರಿ ಅಕ್ಕಾರ? ಇದಕ್ಕ ಅವರು ಇವರು ಅಂತಿಲ್ಲ. ಗಮನ ಅಷ್ಟ ನೋಡತೈತಿ."

"ಮನಸು ಎಲ್ಲೈತಿ ಅಂತ ಇದಕ್ಕ ಹೆಂಗ ತಿಳೀತೈತ್ರಿ?"

"ಕಣ್ಣು ಇದ್ದಲ್ಲೇ ಮನಸು ಇರತೈತಿ. ಅದ ವಿಜ್ಞಾನ," ಎಂದು ಹೇಳಿ ಇಂದುಧರರು ಮುಂದಿನ ಸಾಲಿಗೆ ಹೋಗಿ ಕುಳಿತರು.

ನೀಲಾಂಬಿಕಾ ಯಂತ್ರದ ಪಕ್ಕ ನಿಂತು ಮಾತು ಶುರುಮಾಡಿದರು. "ನಮ್ಮ ಮೊದಲಿನ ಯಂತ್ರ ಬಾಳ ಶಾಣ್ಯಾ ಇತ್ರಿ. ಒಂದೀಟೂ ಸಪ್ಪಳ ಇರಲಿಲ್ಲ. ರೊಟ್ಟಿ ತೆಳ್ಳಗ, ದುಂಡಗ ಬರತಿದ್ವು. ಆದ್ರ ಉಂಡವರೆಲ್ಲ ರುಚಿ ಇಲ್ಲ ಅಂದ್ರು. ಹಿಟ್ಟು ಬದಲಿ ಮಾಡಿದ್ವಿ, ಹಂಚು ಬದಲಿ ಮಾಡಿದ್ವಿ. ಏನ್ ಮಾಡಿದ್ರೂ ಅದ ಮಾತು. ಕಡೀಕ ಕಟಗಿಯಿಂದ ಎರಡು ಕೈ ಮಾಡಿಸಿ, ಬಡಿಯೂದಕ್ಕ ಹಚ್ಚಿದ್ವಿ. ರೊಟ್ಟಿಗೆ ಆ ಸಪ್ಪಳ ಬೇಕಾಗಿಲ್ರಿ. ಕೇಳವರಿಗೆ ಬೇಕು. ಹಸಿವು ಬಾಯಿಗಿಂತ ಮದಲ ಕಿವ್ಯಾಗ ಹುಟ್ಟತೈತಿ."

ಅವರು ಗುಂಡಿ ಒತ್ತಿದರು. ಪಟ್ ಪಟ್ ಪಟ್ ಎಂದು ಮರದ ಕೈಗಳು ರೊಟ್ಟಿ ಬಡಿಯತೊಡಗಿದವು. ಜೋಳದ ಹಿಟ್ಟು ಬೇಯುವ ವಾಸನೆ ಸಭಾಂಗಣದಲ್ಲೆಲ್ಲ ಹರಡಿತು. ನೀಲಾಂಬಿಕಾ ಇನ್ನೇನೋ ಹೇಳಲು ಬಾಯಿ ತೆರೆದರು.

ಮೈಕು ಸತ್ತಿತು.

ಅವರು ಎದುರಿಗೆ ನೋಡಿದರೆ ಅರ್ಧ ಸಭೆ ಕಣ್ಣು ಮುಚ್ಚಿತ್ತು, ಉಳಿದರ್ಧ ಸೂರು ನೋಡುತ್ತಿತ್ತು. ಎಲ್ಲ ಮುಗಿಯಿತು ಎಂದುಕೊಂಡು, ತುಂಬಿ ಬಂದ ಕಣ್ಣೊರೆಸಿ, ಯಂತ್ರವನ್ನು ನಿಲ್ಲಿಸಲು ಕೈ ಚಾಚಿದರು.

"ನಿಂದರಸಬ್ಯಾಡ್ರಿ ಅಕ್ಕಾರ!" ಎಂದು ಗದಗಿನ ಖಾನಾವಳಿಯ ಮಾಲೀಕರೊಬ್ಬರು ಕೂಗಿದರು. "ಇನ್ನೊಂದೀಟು ಬಡೀಲಿ. ನಮ್ಮ ಅವ್ವನ ಒಲಿ ಮುಂದ ಕುಂತಂಗ ಆತು."

ಜನ ಕುರ್ಚಿ ಎಳೆದುಕೊಂಡು ವೇದಿಕೆಯ ಹತ್ತಿರ ಬಂದರು. ನೀಲಾಂಬಿಕಾ ಮೈಕಿಲ್ಲದೆಯೇ ಉಳಿದ ಮಾತು ಹೇಳಿ ಮುಗಿಸಿದರು. ಕೊನೆಗೆ ಯಂತ್ರ ಬೇಕೆಂದವರು ಅವರನ್ನು ಮುತ್ತಿಕೊಂಡರು. ರೊಟ್ಟಿಗಳು ಶೇಂಗಾ ಹಿಂಡಿಯ ಜೊತೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಖಾಲಿಯಾದವು.

ಇಂದುಧರರು ಪೆಚ್ಚುಮೋರೆ ಹಾಕಿಕೊಂಡು ಗಮನಮಾಪಕದ ಪರದೆಯ ಮುಂದೆ ಕುಳಿತರು. ಮಾಪಕ ಕೆಟ್ಟಿರಲಿಲ್ಲ. ಕಣ್ಣುಗಳು ವೇದಿಕೆಯ ಮೇಲಿರಲಿಲ್ಲ, ನಾಡಿಗಳು ನಿಧಾನವಾಗಿದ್ದವು. ಸಭೆ ನಿದ್ದೆ ಹೋಗಿದೆ ಎಂದೇ ಅದು ತಿಳಿದಿತ್ತು. ಒಂದೊಂದೇ ಕುರ್ಚಿಯ ಲೆಕ್ಕ ನೋಡುತ್ತ ಹೋದರು. ಎಲ್ಲಕ್ಕಿಂತ ಕಡಿಮೆ ಗಮನ ಮುಂದಿನ ಸಾಲಿನ ಒಂದು ಕುರ್ಚಿಯದು. ಅದು ಅವರದೇ ಕುರ್ಚಿ. ಆ ಹೊತ್ತಿನಲ್ಲಿ ಅವರು ಮನಸ್ಸಿನಲ್ಲೇ ಸಣ್ಣವರಾಗಿ, ಸೋದರತ್ತೆಯ ಪಕ್ಕ ಕುಳಿತು, ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನೇ ಕಾಯುತ್ತಿದ್ದರು. ಅದು ನೆನಪಾಗಿ ಅವರಿಗೆ ನಗು ಬಂತು.

ಮರುವರ್ಷದ ಸಮ್ಮೇಳನಕ್ಕೆ ಮೊದಲು, ಸಾಧನವನ್ನು ತೆಗೆಸಿಬಿಡುತ್ತೇನೆ ಎಂದು ಅವರು ಹೇಳಿದರೂ ಸಂಘಟಕರು ಒಪ್ಪಲಿಲ್ಲ. ಯಾಕೆಂದರೆ ಅಷ್ಟರೊಳಗೆ ಮೈಕು ಸಾಯುವುದೇ ದೊಡ್ಡ ಮರ್ಯಾದೆಯಾಗಿತ್ತು. ಕೇಳುಗರನ್ನು ಮೈಮರೆಸಿದವರ ಮೈಕು ಮಾತ್ರ ಸಾಯುತ್ತದೆ ಎಂದು ಜನ ನಂಬಿದ್ದರು. "ಹೋದ ವರ್ಷ ನನ್ನ ಮೈಕೂ ಸತ್ತಿತ್ತು" ಎಂದು ಹಳೆಯ ಉದ್ಘಾಟಕರು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆ ವರ್ಷ ಇಂದುಧರರೂ ಮಾತಾಡಿದರು. ತಮ್ಮ ಸಾಧನದ ತಪ್ಪನ್ನು ಚಿತ್ರ ತೋರಿಸಿ ವಿವರಿಸಿದರು, ಅತ್ತೆಯ ಕಥೆಯನ್ನೂ ಸೇರಿಸಿದರು. ಆಗಾಗ ಆಸೆಯಿಂದ ಮೈಕಿನ ಕಡೆ ನೋಡುತ್ತಿದ್ದರು. ಆದರೆ ಈಗ ಸಾಯುತ್ತದೆ, ಇನ್ನೇನು ಸಾಯುತ್ತದೆ ಎಂದು ಇಡೀ ಸಭೆಯೂ ರೆಪ್ಪೆ ಮಿಟುಕಿಸದೆ ಆ ಮೈಕನ್ನೇ ನೋಡುತ್ತಿತ್ತು. ಗಮನ ಒಂದಿಷ್ಟೂ ಕೆಳಗಿಳಿಯಲಿಲ್ಲ. ವಂದನಾರ್ಪಣೆಯವರೆಗೂ ಮೈಕು ಗಟ್ಟಿಮುಟ್ಟಾಗಿ ಬದುಕಿತ್ತು.

ಮುಖ ಸಣ್ಣ ಮಾಡಿಕೊಂಡು ಕೆಳಗಿಳಿದ ವಿಜ್ಞಾನಿಯ ಕೈಗೆ ನೀಲಾಂಬಿಕಾ ಬಿಸಿರೊಟ್ಟಿ ಕೊಟ್ಟರು.

"ಇರಲಿ ಬಿಡ್ರಿ ಸರ," ಎಂದರು. "ಮುಂದಿನ ವರ್ಷ ನಿಮ್ಮದೂ ಬಂದ್ ಆಗತೈತಿ."