ಮುರಿಯುವ ರೆಕ್ಕೆ

ತಾರಸಿಯ ಮೇಲಿನ ನೀರಿನ ಟಾಕಿಗೆ ಡ್ರೋನ್ ಬಡಿದಾಗ ಒಣಕಡ್ಡಿ ಮುರಿದಂಥ ಸದ್ದಾಯಿತು. ಅಂಗೈಯಗಲದ ಆ ಪುಟ್ಟ ಯಂತ್ರ ಗಾಳಿಯಲ್ಲಿ ಪಲ್ಟಿ ಹೊಡೆದು, ಒಣಗಲು ಹಾಕಿದ್ದ ಹಪ್ಪಳಗಳ ಪಕ್ಕ ಬೆನ್ನಡಿಯಾಗಿ ಬಿತ್ತು. ಅದರ ನಾಲ್ಕು ರೆಕ್ಕೆಗಳಲ್ಲಿ ಒಂದು ನಡುವಿಗೇ ಸೀಳಿ ನೇತಾಡುತ್ತಿತ್ತು.

"ಮುರೀತು!" ಎಂದ ಕಲ್ಮೇಶ. ಗಾಲಿಕುರ್ಚಿಯಲ್ಲಿ ಕುಳಿತಿದ್ದವನು ಮುಂದಕ್ಕೆ ಬಾಗಿದ. ಪಾರ್ಶ್ವವಾಯು ಹೊಡೆದಾಗಿನಿಂದ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದ ಅವನ ಬಲಗೈ ತುಸು ಮೇಲೆದ್ದು ಡ್ರೋನಿನತ್ತ ಚಾಚಿತು. ಹೆಂಡತಿ ನೀಲಾಂಬಿಕಾ ಅದನ್ನು ಕಂಡಳು.

ಆದರೆ ಆ ಕೈಗೆ ಮಾಡಲು ಕೆಲಸವೇ ಇರಲಿಲ್ಲ. ರೆಕ್ಕೆಯ ಸೀಳಿನಲ್ಲಿ ಬೆಲ್ಲದ ಪಾಕದಂಥ ತೇವ ಒಸರತೊಡಗಿತು. ಬಿಸಿಲಿಗೆ ನೇತಾಡುತ್ತಿದ್ದ ತುಂಡು ಯಾರೋ ಎಳೆದಂತೆ ಮೆಲ್ಲಗೆ ತನ್ನ ಜಾಗಕ್ಕೆ ಸರಿಯಿತು. ಬಿರುಕು ಮೊದಲು ಬಿಳಿಯ ಗೆರೆಯಾಯಿತು, ಆಮೇಲೆ ಗೆರೆಯೂ ಉಳಿಯಲಿಲ್ಲ. ಹಪ್ಪಳ ಮಗುಚಿ ಹಾಕುವಷ್ಟರಲ್ಲಿ ಡ್ರೋನ್ ತಾನೇ ಮಗ್ಗುಲಾಗಿ ಎದ್ದು ಮತ್ತೆ ಹಾರಿತು.

ಇದು 'ಮಾಯುವ ರೆಕ್ಕೆ'. ನೀಲಾಂಬಿಕಾ ಹೊಂಬಳ ಅದನ್ನು ಕಂಡುಹಿಡಿದು ಮೂವತ್ತು ವರ್ಷಗಳಾಗಿದ್ದವು. ಪ್ಲಾಸ್ಟಿಕ್ಕಿನ ಒಳಗೆ ಕೂದಲಿಗಿಂತ ಸಣ್ಣ ನಾಳಗಳು. ಒಂದರಲ್ಲಿ ಒಂದು ರಸ, ಪಕ್ಕದ್ದರಲ್ಲಿ ಮತ್ತೊಂದು. ಬಿರುಕು ಬಿಟ್ಟೊಡನೆ ನಾಳಗಳು ಒಡೆದು ಎರಡೂ ರಸಗಳು ಬೆರೆತು ಗಟ್ಟಿಯಾಗುತ್ತವೆ. ಬಿಸಿಲು ತಾಗಿದರೆ ಪ್ಲಾಸ್ಟಿಕ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೆಯೋ ಅದಕ್ಕೆ ತಕ್ಕಂತೆ ಮೈ ಬಾಗಿಸಿಕೊಳ್ಳುವುದನ್ನೂ ಅವಳು ಅದಕ್ಕೆ ಕಲಿಸಿದ್ದಳು. ಮೊದಲು ಡ್ರೋನಿಗೆಂದು ಮಾಡಿದ ಈ ವಸ್ತು ಕ್ರಮೇಣ ಊರಿನ ಎಲ್ಲ ಸಾಮಾನುಗಳಿಗೂ ಬಂತು. ಬಕೆಟ್ಟಿನ ಹಿಡಿ, ಚಪ್ಪಲಿಯ ಉಂಗುಷ್ಟ, ಕನ್ನಡಕದ ಕಡ್ಡಿ, ಮಕ್ಕಳ ಆಟಿಕೆ, ಯಾವುದೂ ಈಗ ಮುರಿದು ಉಳಿಯುತ್ತಿರಲಿಲ್ಲ. ಗದಗದ ಸ್ಟೇಷನ್ ರಸ್ತೆಯಲ್ಲಿದ್ದ ರಿಪೇರಿ ಅಂಗಡಿಗಳ ಜಾಗದಲ್ಲಿ ಚಹದಂಗಡಿಗಳು ಬಂದಿದ್ದವು. ಮದುವೆಮನೆಗಳಲ್ಲಿ ಗುರುತಿಲ್ಲದ ಹೆಂಗಸರು ಬಂದು, "ಅಕ್ಕಾರ, ನಿಮ್ಮ ಪುಣ್ಯಾದಿಂದ ನಮ್ಮ ಮನ್ಯಾಗಿನ ಕೊಡ ಸೋರೂದು ಬಿಟ್ಟೈತಿ ನೋಡ್ರಿ," ಎಂದು ಅವಳ ಕೈ ಹಿಡಿಯುತ್ತಿದ್ದರು. ಅವಳಿಗೆ ಸಿಕ್ಕ ದೊಡ್ಡ ದೊಡ್ಡ ಪ್ರಶಸ್ತಿಗಳಿಗಿಂತ ಆ ಮಾತು ಹೆಚ್ಚು ಹಿತವಾಗಿರುತ್ತಿತ್ತು.

ಕಲ್ಮೇಶನ ಕೈ ಮತ್ತೆ ತೊಡೆಯ ಮೇಲೆ ಬಿದ್ದಿತ್ತು.

"ಇನ್ನೊಮ್ಮೆ ಹಾರಿಸ್ತೀರೇನ್ರಿ? ಬಾಯಿಲೆ ಹೇಳಿದ್ರ ಸಾಕು, ಅದ ಹೋಗತೈತಿ," ಎಂದಳು ನೀಲಾಂಬಿಕಾ.

"ಅದ ಹೋಗತೈತಿ, ಅದ ಬೀಳತೈತಿ, ಅದ ಮಾಯತೈತಿ. ನಾ ಯಾಕ ಬೇಕು ಅದಕ್ಕ?" ಅವನು ಮುಖ ತಿರುಗಿಸಿದ. ಆಮೇಲೆ ನಗುವಂತೆ ಮಾಡಿ, "ನಿನ್ನ ಆ ರಸ ಒಂದೀಟು ನನ್ನ ಕೈಗೂ ಹಾಕಿಬಿಡು ನೀಲಾ. ಬಿಸಿಲಾಗ ಕುಂತ್ರ ನೆಟ್ಟಗ ಆದೀತು," ಎಂದ.

ಅವಳು ಹಪ್ಪಳಗಳನ್ನು ಮಗುಚತೊಡಗಿದಳು.

ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ತಸ್ಲೀಮಾ ನದಾಫ ಅದೇ ವಾರ ಸೋತ ದನಿಯಲ್ಲಿ ಮಾತಾಡಿದ್ದಳು. ತೂತುಗಳ ಹಲಗೆಗೆ ಬಣ್ಣಬಣ್ಣದ ಗೂಟ ಸಿಕ್ಕಿಸುವ ಅಭ್ಯಾಸ ಕೊಟ್ಟರೆ ಕಲ್ಮೇಶ, "ನಾ ಏನು ಬಾಲವಾಡಿ ಹುಡುಗ ಏನ್ರಿ?" ಎಂದು ಹಲಗೆಯನ್ನೇ ನೂಕಿದ್ದನಂತೆ.

"ಕೈ ಸತ್ತಿಲ್ರಿ ಮೇಡಂ," ಎಂದಿದ್ದಳು ತಸ್ಲೀಮಾ. "ಮೆದುಳಿಂದ ಕೈಗೆ ಬರೋ ದಾರಿ ಬಂದಾಗೈತಿ, ಅಷ್ಟ. ಬ್ಯಾರೆ ದಾರಿ ಹುಟ್ಟಬೇಕಂದ್ರ ಕೈಗೆ ಕೆಲಸ ಬೇಕು. ಅದೂ ಮನಸ್ಸಿಟ್ಟು ಮಾಡೋ ಕೆಲಸ. ಗೂಟ ಚುಚ್ಚೂದ್ರಾಗ ಸರ್ ಮನಸ್ಸ ಇಲ್ರಿ."

'ಮುರೀತು' ಎಂದಾಗ ಆ ಕೈ ಎದ್ದಿತ್ತಲ್ಲ! ನೀಲಾಂಬಿಕಾ ಮಾಡುತ್ತಿದ್ದ ಕೆಲಸ ಬಿಟ್ಟು ಹಾಗೇ ಕುಳಿತಳು.

ಎರಡು ಸಾವಿರದ ಇಪ್ಪತ್ತಾರನೇ ಇಸವಿ. ಅವಳಾಗ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಬಿಂಕದಕಟ್ಟಿಯ ದಾರಿಯ ಬಯಲಿನಲ್ಲಿ ರವಿವಾರ ಒಂದಿಷ್ಟು ಡ್ರೋನ್ ಹುಚ್ಚರು ಸೇರುತ್ತಿದ್ದರು. ದೂರದಲ್ಲಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ತೂಕಡಿಸುತ್ತ ತಿರುಗುತ್ತಿದ್ದರೆ, ಈ ಬಯಲಿನಲ್ಲಿ ಪುಟ್ಟ ರೆಕ್ಕೆಗಳು ಜೇನುಹುಳಗಳಂತೆ ಗುಂಯ್‌ಗುಡುತ್ತಿದ್ದವು. ಮೊದಲ ದಿನವೇ ಅವಳ ಡ್ರೋನ್ ಜಾಲಿಕಂಟಿಗೆ ಸಿಕ್ಕು ರೆಕ್ಕೆ ಮುರಿದುಕೊಂಡಿತು. ಪೆಟ್ಟಿಗೆಯ ಜೊತೆ ಬಂದಿದ್ದ ಬದಲಿ ರೆಕ್ಕೆ ಹಾಕಿ ಸ್ಕ್ರೂ ಬಿಗಿದಳು. ಹಾರಿತು, ಆದರೆ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು.

"ಮೇಡಮ್ಮಾರ, ಇಳಸ್ರಿ ಅದನ್ನ. ಹೊಸಾ ರೆಕ್ಕಿ ಒಂದು ಕಡೆ ಭಾರ ಐತಿ," ಎಂದು ಹಿಂದಿನಿಂದ ಯಾರೋ ಅಂದರು. ಮದುವೆಗಳಿಗೆ ಡ್ರೋನಿನಿಂದ ವಿಡಿಯೋ ತೆಗೆಯುತ್ತಿದ್ದ ಕಲ್ಮೇಶ. ಅವನು ರೆಕ್ಕೆ ಬಿಚ್ಚಿ, ಅದರ ನಡುವಿನ ತೂತಿಗೆ ಗುಂಡುಸೂಜಿ ತೂರಿಸಿ ಅಡ್ಡ ಹಿಡಿದ. ಒಂದು ತುದಿ ತಕ್ಕಡಿಯ ತಟ್ಟೆಯಂತೆ ಕೆಳಗಿಳಿಯಿತು. ಮೇಲೆದ್ದ ತುದಿಗೆ ಉಗುರಿನಷ್ಟು ಟೇಪು ಅಂಟಿಸಿದ. ರೆಕ್ಕೆ ಸಮವಾಗಿ ನಿಂತಿತು. ಹಾರಿಸಿದಾಗ ಕಣ್ಣು ಮುಚ್ಚಿ ಸದ್ದು ಕೇಳಿ, "ಈಗ ನೋಡ್ರಿ, ಹಾಡಾಕತ್ತೈತಿ," ಎಂದ.

ಅಲ್ಲಿಂದ ಎಷ್ಟೋ ರವಿವಾರಗಳು ರೆಕ್ಕೆ ಮುರಿಯುವುದರಲ್ಲಿ, ಹಾಕುವುದರಲ್ಲಿ ಕಳೆದವು. ಹಾರಿಸಿದ್ದಕ್ಕಿಂತ ಕೂತದ್ದೇ ಹೆಚ್ಚು. ಒಬ್ಬರದು ಮುರಿದರೆ ಎಲ್ಲರೂ ಬಂದು ಕೂರುತ್ತಿದ್ದರು. ಒಬ್ಬರ ಹತ್ತಿರ ಸ್ಕ್ರೂಡ್ರೈವರ್, ಇನ್ನೊಬ್ಬರ ಹತ್ತಿರ ಬದಲಿ ರೆಕ್ಕೆ. ಸಾಸಿವೆ ಕಾಳಿನಷ್ಟು ಸ್ಕ್ರೂ ಹುಲ್ಲಿನೊಳಗೆ ಬಿದ್ದರೆ ಎಲ್ಲರೂ ಮೊಣಕಾಲೂರಿ ಹುಡುಕುತ್ತಿದ್ದರು. ಅಷ್ಟರಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ಗಾಡಿಯವನು ಬರುತ್ತಿದ್ದ. ಕಲ್ಮೇಶನ ಚೀಲದಲ್ಲಿ ಬದಲಿ ರೆಕ್ಕೆಗಳ ಇಡೀ ಪಾಕೀಟೇ ಇರುತ್ತಿತ್ತು. ಆದರೆ ಅವಳಿಗೆ ಮಾತ್ರ ಒಂದೊಂದೇ ಕೊಡುತ್ತಿದ್ದ. ಯಾಕೆಂದು ಮದುವೆಯಾದ ಮೇಲೆ ಹೇಳಿದ: "ಪಾಕೀಟ ಕೊಟ್ಟಿದ್ರ ಮುಂದಿನ ವಾರ ನನ್ನ ಹತ್ರ ಬರ್ತಿದ್ದೇನ ನೀ?"

ಮಾಯುವ ರೆಕ್ಕೆ ಹುಟ್ಟಿದ್ದೂ ಅವನಿಗಾಗಿಯೇ. ಒಂದು ಮದುವೆಯಲ್ಲಿ ಚಪ್ಪರದ ಮೇಲೆ ಹಾರುತ್ತಿದ್ದ ಅವನ ಡ್ರೋನಿನ ರೆಕ್ಕೆ ಮುರಿದು, ಚೂರು ಸಿಡಿದು, ಮದುಮಗಳ ತಂಗಿಯ ಹುಬ್ಬು ಸೀಳಿತ್ತು. ಕಣ್ಣು ಉಳಿದದ್ದೇ ದೊಡ್ಡದು. ಆ ವರ್ಷವಿಡೀ ಕಲ್ಮೇಶ ಡ್ರೋನ್ ಮುಟ್ಟಲಿಲ್ಲ. ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದ ನೀಲಾಂಬಿಕಾ ಆಗ ಹಟ ತೊಟ್ಟಳು: ಮುರಿದರೂ ಚೂರಾಗದ, ಬಿದ್ದರೂ ಯಾರನ್ನೂ ಗಾಯಗೊಳಿಸದ ರೆಕ್ಕೆ ಮಾಡಿಯೇ ತೀರುತ್ತೇನೆ. ಮಾಡಿದಳು. ಆ ಬಗ್ಗೆ ಅವಳಿಗೆ ಇಂದಿಗೂ ಹೆಮ್ಮೆಯೇ. ಆದರೆ ಬಿಂಕದಕಟ್ಟಿಯ ಬಯಲು ಯಾವಾಗ ಬಿಕೋ ಎನ್ನತೊಡಗಿತೋ ಅವಳು ಗಮನಿಸಿರಲಿಲ್ಲ. ರೆಕ್ಕೆ ಮುರಿಯದ ಮೇಲೆ ಯಾರೂ ಯಾರ ಹತ್ತಿರವೂ ಹೋಗಬೇಕಾಗಿರಲಿಲ್ಲ.

ಮುರಿಯುವ ರೆಕ್ಕೆಗಳಿಗಾಗಿ ಅವಳು ಹುಡುಕಾಟ ಶುರುಮಾಡಿದಳು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದರೆ ಮಾರುವವರು ಅನುಮಾನದಿಂದ ನೋಡಿದರು. ಅಂಥವನ್ನು ಮಾಡುವವರೇ ಜಗತ್ತಿನಲ್ಲಿ ಉಳಿದಿರಲಿಲ್ಲ. ಕೊನೆಗೆ ಧಾರವಾಡದ ತನ್ನ ಪ್ರಯೋಗಾಲಯದಲ್ಲೇ ಅಚ್ಚು ಮಾಡಲು ಕುಳಿತಳು. ಹಳೆಯ ಬಕೆಟ್ಟೊಂದರ ಸಾದಾ ಪ್ಲಾಸ್ಟಿಕ್ಕನ್ನು ಕರಗಿಸಿದಳು. ಸುಲಭವೆಂದುಕೊಂಡಿದ್ದ ಕೆಲಸ ಕೈಗೆ ಹತ್ತಲಿಲ್ಲ. ಒಂದು ದಪ್ಪವಾಗಿ ಮುರಿಯಲೇ ಒಲ್ಲದು, ಇನ್ನೊಂದು ತಿರುಗುವ ಮೊದಲೇ ಬಿರಿಯಿತು.

ಅವಳ ಕೈಕೆಳಗೆ ಕೆಲಸ ಮಾಡುವ ವಿಜ್ಞಾನಿ ವಿದ್ಯಾಧರ ಇಣುಕಿ ನೋಡಿದ. "ಏನ್ರಿ ಮೇಡಂ ಇದು? ಜಗತ್ತು ಮುಂದ ಹೊಂಟ್ರ ನೀವು ಹಿಂದ ಹೊಂಟೀರಲ್ಲ?"

"ಅಲ್ಲೊಂದು ಸಾಮಾನು ಬಿಟ್ಟು ಬಂದೇನಪ್ಪಾ," ಎಂದಳು ಅವಳು ತಲೆಯೆತ್ತದೆ. "ತೊಗೊಂಡು ಬರ್ತೀನಿ."

ಮರುದಿನ ಮಧ್ಯಾಹ್ನ ತಾರಸಿಯ ಮೇಲೆ ತಟ್ಟೆಯೊಂದರಲ್ಲಿ ರೆಕ್ಕೆ ಬಿಚ್ಚಿದ ಡ್ರೋನ್, ನಾಲ್ಕು ಹೊಸ ರೆಕ್ಕೆ, ನಾಲ್ಕು ಸ್ಕ್ರೂ, ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟು ಕಲ್ಮೇಶನ ಮುಂದೆ ಸರಿಸಿದಳು. ಅವನು ಎಡಗೈಯಿಂದ ಒಂದು ರೆಕ್ಕೆ ಎತ್ತಿಕೊಂಡು ಬಾಗಿಸಿ ನೋಡಿದ. ಟಕ್ಕೆಂದು ಮುರಿಯಿತು. ಅವನು ಕಾದ. ಅದು ಮಾಯಲಿಲ್ಲ. ಎರಡು ತುಂಡುಗಳನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದವನ ಕಣ್ಣು ತುಂಬಿಬಂತು.

"ಎಲ್ಲಿ ಸಿಕ್ಕಾವ ಇವು?"

"ನಾ ಮಾಡೇನಿ. ಬದಲಿ ಒಂದು ಐತಿ, ತೊಗೋರಿ."

"ಜಿಪುಣಿ. ಒಂದ ಕೊಡ್ತಿ," ಎಂದು ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

ಸ್ಕ್ರೂಡ್ರೈವರ್ ಬಲಗೈಯಿಂದ ಜಾರಿತು. ಹೆಕ್ಕಿಕೊಂಡ. ಮತ್ತೆ ಜಾರಿತು. ಹೆಬ್ಬೆರಳು ತೋರುಬೆರಳ ಹತ್ತಿರ ಬರಲು ಒಲ್ಲೆನ್ನುತ್ತಿತ್ತು. ಹಣೆಯ ಮೇಲೆ ಬೆವರು ಮೂಡಿತು. ನೀಲಾಂಬಿಕಾ ತಡೆಯಲಾರದೆ ಕೈ ಚಾಚಿದಳು. ವ್ಯಾಯಾಮ ಮಾಡಿಸಲು ಬಂದಿದ್ದ ತಸ್ಲೀಮಾ ಅವಳ ಮುಂಗೈ ಹಿಡಿದು ಮೆಲ್ಲಗೆ, "ಬ್ಯಾಡ್ರಿ ಮೇಡಂ. ಮಾಡ್ಲಿ ಬಿಡ್ರಿ," ಎಂದಳು. ಸುಮ್ಮನೆ ನೋಡುತ್ತ ಕೂರುವುದು ಇಷ್ಟು ಕಷ್ಟವೆಂದು ನೀಲಾಂಬಿಕಾಗೆ ಗೊತ್ತಿರಲಿಲ್ಲ. ಬಿಸಿಲು ತಾರಸಿ ದಾಟಿ ಗೋಡೆ ಹತ್ತಿತು. ತಸ್ಲೀಮಾ ಬೇರೆ ಮನೆಗೆ ಹೋಗಬೇಕಿದ್ದವಳು ಫೋನು ಮಾಡಿ ನಾಳೆ ಬರುತ್ತೇನೆಂದಳು. ಸಂಜೆಯ ಹೊತ್ತಿಗೆ ನಾಲ್ಕನೆಯ ಸ್ಕ್ರೂ ಬಿಗಿಯಾಯಿತು. ಕೊನೆಯ ಅರ್ಧ ಸುತ್ತು ತಿರುಗಿಸಿದ್ದು ಬಲಗೈ.

"ಹಾರು," ಎಂದ ಕಲ್ಮೇಶ.

ನಾಲ್ಕೂ ರೆಕ್ಕೆಗಳು ಗಿರ್ರನೆ ತಿರುಗಿದವು. ಡ್ರೋನ್ ಮಾತ್ರ ನೆಲ ಬಿಡಲಿಲ್ಲ. ಇದ್ದಲ್ಲೇ ಗರಗರ ನಡುಗುತ್ತ ನಿಂತಿತು. ನೀಲಾಂಬಿಕಾ ಕಲ್ಮೇಶನತ್ತ ತಿರುಗಿದಳು. ಇಷ್ಟು ಕಷ್ಟಪಟ್ಟವನಿಗೆ ಇದೊಂದು ಆಗಬೇಕಿತ್ತೇ? ಕಲ್ಮೇಶ ಕಣ್ಣು ಮುಚ್ಚಿಕೊಂಡು ಆಲಿಸುತ್ತಿದ್ದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಕಾಯಿಲೆಯಾದ ಮೇಲೆ ಮೊದಲ ಸಲ ಅವನು ಬಾಯಿ ತೆರೆದು ನಕ್ಕ.

"ನೀಲಾ, ಎರಡು ಎತ್ತಾಕತ್ತಾವ, ಎರಡು ಒತ್ತಾಕತ್ತಾವ! ನಾಕೂ ಬಲಗೈ ರೆಕ್ಕಿ ಮಾಡಿಯಲ್ಲ!"

ಅವಳು ಹಣೆ ಬಡಿದುಕೊಂಡಳು. ಡ್ರೋನಿನ ಎರಡು ಮೋಟಾರು ಬಲಕ್ಕೆ, ಎರಡು ಎಡಕ್ಕೆ ತಿರುಗುತ್ತವೆ. ಇಲ್ಲದಿದ್ದರೆ ಯಂತ್ರವೇ ಬುಗುರಿಯಾಗಿಬಿಡುತ್ತದೆ. ಹಾಗಾಗಿ ಎರಡು ರೆಕ್ಕೆಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು, ಗಾಳಿಯನ್ನು ಕೆಳಕ್ಕೆ ತಳ್ಳಲು. ಆ ಕಾಲದಲ್ಲಿ ಬಯಲಿಗೆ ಬಂದವರೆಲ್ಲರಿಗೂ ಗೊತ್ತಿದ್ದ ಸಂಗತಿ ಇದು. ಮಾಯುವ ರೆಕ್ಕೆಗಳು ತಾವೇ ಬಾಗಿಕೊಳ್ಳಲು ಕಲಿತ ಮೇಲೆ ಯಾರೂ ಅದನ್ನು ನೆನಪಿಡಬೇಕಾಗಿರಲಿಲ್ಲ. ಕಲಿಸಿದವಳೇ ಮರೆತಿದ್ದಳು.

"ಹೋಗು, ಎಡಗೈವು ಎರಡು ಮಾಡ್ಕೊಂಡು ಬಾ. ನಾ ಇವನ್ನ ಬಿಚ್ಚಿ ಇಟ್ಟಿರ್ತೀನಿ," ಎಂದ ಕಲ್ಮೇಶ. ಅವನಿಗೆ ನಾಳೆಗೊಂದು ಕೆಲಸ ಸಿಕ್ಕಿತ್ತು.

ಕೈ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾದೀತು. ಕಿರುಬೆರಳು ಹಾಗೇ ಮಡಚಿಕೊಂಡು ಉಳಿಯಿತು. ಆದರೆ ಮಳೆಗಾಲ ಬರುವಷ್ಟರಲ್ಲಿ ಅವನು ಬಲಗೈಯಲ್ಲಿ ರೊಟ್ಟಿ ಮುರಿದ, ಅಂಗಿಯ ಗುಂಡಿ ಹಾಕಿಕೊಂಡ. ಡ್ರೋನ್ ವಾರಕ್ಕೆರಡು ಸಲವಾದರೂ ಟಾಕಿಗೋ ಬೇವಿನ ಮರಕ್ಕೋ ಬಡಿಯುತ್ತಿತ್ತು. ಚೂರು ಸಿಡಿದೀತೆಂದು ನೀಲಾಂಬಿಕಾ ರೆಕ್ಕೆಗಳ ಸುತ್ತ ಬಲೆಯ ಬಳೆ ತೊಡಿಸಿದ್ದಳು. ಮದುವೆಮನೆಯಲ್ಲಿ ಸೀಳಿದ ಆ ಹುಬ್ಬು ಅವಳಿಗೆ ಮರೆತಿರಲಿಲ್ಲ. ತಸ್ಲೀಮಾ ತನ್ನ ಬೇರೆ ರೋಗಿಗಳಿಗೂ ರೆಕ್ಕೆಗಳನ್ನು ಒಯ್ದಳು. ಆಮೇಲೆ ಅವರನ್ನೇ ಕರೆತರತೊಡಗಿದಳು. ರವಿವಾರ ತಾರಸಿಯ ಮೇಲೆ ಚಾಪೆ ಹಾಸಿ, ನಡುಗುವ ಕೈಗಳವರು, ಮರಗಟ್ಟಿದ ಬೆರಳಿನವರು, ಅವರ ಜೊತೆಗೆ ಬಂದವರು ಸುತ್ತ ಕೂರುತ್ತಿದ್ದರು. ಒಂದು ಸ್ಕ್ರೂ ಬಿದ್ದರೆ ಎಲ್ಲರೂ ಹುಡುಕುತ್ತಿದ್ದರು.

ಧಾರವಾಡದಲ್ಲಿ, ಮುಂದಿನ ಯೋಜನೆಯ ಚರ್ಚೆಯಲ್ಲಿ, ಇನ್ನು ಯಾವ ಯಾವ ವಸ್ತುಗಳು ತಾವೇ ಮಾಯುವಂತೆ ಮಾಡಬೇಕೆಂದು ವಿದ್ಯಾಧರ ಕೇಳಿದ. ವಿಮಾನ, ಸೇತುವೆ, ಆಸ್ಪತ್ರೆಯ ಸಲಕರಣೆ, ಇವೆಲ್ಲ ಮಾಯಲೇಬೇಕು ಎಂದಳು ನೀಲಾಂಬಿಕಾ. "ಮಕ್ಕಳ ಆಟಗಿ ಬಿಟ್ಟುಬಿಡೋಣು. ಅವು ಮುರೀಲಿ. ಬಿಚ್ಚಾಕ ಬರೋಹಂಗ ಸ್ಕ್ರೂ ಹಾಕಿ ಕೊಡೋಣು." ಕೆಲವರು ನಕ್ಕರು. ಅವಳು ಎರಡನೆಯ ಸಲವೂ ಅದನ್ನೇ ಹೇಳಿದಾಗ ನಗಲಿಲ್ಲ.

ಒಂದು ರವಿವಾರ ಎಲ್ಲರೂ ಹೋದ ಮೇಲೆ ತಸ್ಲೀಮಾ ಚಾಪೆ ಸುತ್ತುತ್ತ ಕೇಳಿದಳು. ಅವಳು ಹುಟ್ಟುವ ಹೊತ್ತಿಗೆ ಮಾಯುವ ವಸ್ತುಗಳು ಮನೆಮನೆಗೂ ಬರತೊಡಗಿದ್ದವು.

"ಮೇಡಂ, ನೀವು ಸಣ್ಣವರಿದ್ದಾಗ ಎಲ್ಲಾ ಸಾಮಾನೂ ಹಿಂಗ ಮುರೀತಿದ್ವೇನ್ರಿ?"

"ಎಲ್ಲಾ ಮುರೀತಿದ್ವು. ಫ್ಯಾನು, ಮಿಕ್ಸರು, ಚಪ್ಪಲಿ. ಇಪ್ಪತ್ತಾರು, ಇಪ್ಪತ್ತೇಳನೇ ಇಸ್ವಿ ಅಂದ್ರ ದಿನಾ ಏನರೆ ಒಂದು ಕೆಡತಿತ್ತು. ಮಿಕ್ಸರ್ ನಿಂತ್ರ ನಮ್ಮಪ್ಪ ಅದನ್ನ ಬಿಚ್ಚಿಕೊಂಡು ಕೂಡ್ತಿದ್ದ, ಅವ್ವ ಬ್ಯಾಟರಿ ಹಿಡೀತಿದ್ಲು, ನಾ ಸ್ಕ್ರೂ ಕಾಯ್ತಿದ್ದೆ. ಬಾಜೂಮನಿ ಕಾಕಾನೂ ಬರಾಂವ, ಕರೀದನ."

"ತ್ರಾಸ ಆಗ್ತಿರ್ಲಿಲ್ಲೇನ್ರಿ?"

"ಭಾಳ ಆಗ್ತಿತ್ತು. ಅಡಗಿ ತಡ ಆಗ್ತಿತ್ತು. ಸಿಟ್ಟಿಗೆ ಎತ್ತಿ ಒಗೀಬೇಕು ಅನಸ್ತಿತ್ತು."

ತಸ್ಲೀಮಾ ಸುತ್ತಿದ ಚಾಪೆಯನ್ನು ಗೋಡೆಗೆ ಒರಗಿಸಿ, "ಅದು ಚೊಲೋ ಕಾಲ ಅಂತ ಆವಾಗ ನಿಮಗ ಗೊತ್ತಿತ್ತೇನ್ರಿ?" ಎಂದಳು.

ನೀಲಾಂಬಿಕಾ ಕಲ್ಮೇಶನ ಮುಖ ನೋಡಿದಳು. ಅವನು ತಲೆಯಲ್ಲಾಡಿಸಿ ನಕ್ಕ.

"ಎಲ್ಲಿ ಗೊತ್ತಿರ್ತೈತವ್ವಾ," ಎಂದಳು ಅವಳು. "ಬೈಕೋಂತ, ರಿಪೇರಿ ಮಾಡ್ಕೋಂತ ಇದ್ವಿ."