ಬಾಲಕ್

ಮೊರಾಕೋದ ಫೆಸ್ ನಗರದ ಹಳೆಯ ಓಣಿಗಳಲ್ಲಿ ಹೊರೆ ಹೊತ್ತ ಕತ್ತೆ ಬಂದರೆ, ಅದನ್ನು ಹೊಡೆದುಕೊಂಡು ಬರುವವನು "ಬಾಲಕ್!" ಎಂದು ಕೂಗುತ್ತಾನೆ. ದಾರಿ ಬಿಡಿ ಎಂದರ್ಥ. ಹೊಸದಾಗಿ ಬಂದಾಗ ನಾನು, ಯಾವುದೋ ಹುಡುಗನನ್ನು ಕರೆಯುತ್ತಿದ್ದಾರೆ ಅಂದುಕೊಂಡು ತಿರುಗಿ ನೋಡುತ್ತಿದ್ದೆ.

ಮನೆಯೊಡತಿ ಲಲ್ಲಾ ಝೋರ್ ಬಿದ್ದು ಬಿದ್ದು ನಕ್ಕಿದ್ದರು. "ಹುಡುಗ ಅಲ್ಲ ಕಣೇ ಹುಚ್ಚಿ, ಕತ್ತೆ! ಕೇಳಿಸಿದ ತಕ್ಷಣ ಗೋಡೆಗೆ ಅಂಟ್ಕೋ. ಕತ್ತೆ ಕಾಣದಿದ್ರೂ ಅಂಟ್ಕೋ."

"ಕಾಣದ ಕತ್ತೆಗೂ ದಾರಿ ಬಿಡ್ಬೇಕಾ ಲಲ್ಲಾ?"

"ಅಂಥದ್ದಕ್ಕೇ ಮೊದಲು ಬಿಡ್ಬೇಕು, ಮಗಳೇ."

ಒಂದು ಮಧ್ಯಾಹ್ನ ಒಬ್ಬಳೇ ಹೋಗುತ್ತಿದ್ದಾಗ ಬೆನ್ನ ಹಿಂದೆಯೇ "ಬಾಲಕ್" ಎಂಬ ದನಿ ಕೇಳಿತು. ತಿರುಗಿದರೆ ಬಿಸಿಲು ಬಿಟ್ಟು ಏನೂ ಇಲ್ಲ. ಮುಂದೆ ನಡೆದೆ. ಮತ್ತೆ "ಬಾಲಕ್." ಕುತ್ತಿಗೆಗೆ ಬಿಸಿಯುಸಿರು ತಾಗಿತು, ಹಸಿ ತೊಗಲಿನ ವಾಸನೆ ಬಂತು. ಗೊರಸಿನ ಸದ್ದು ಮಾತ್ರ ಇರಲಿಲ್ಲ. ಅಜ್ಜಿಯ ಕಥೆಯ ದೆವ್ವಗಳು ಹೆಸರು ಹಿಡಿದು ಕರೆಯುತ್ತಿದ್ದವು. ಇದು ನನ್ನ ದಾರಿಯನ್ನೇ ಕೇಳುತ್ತಿತ್ತು. ಈ ಊರಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆಯಲು ಎಷ್ಟು ಕಷ್ಟಪಟ್ಟು ಕಲಿತಿದ್ದೆ! "ಬಿಡಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ," ಎಂದು ಕನ್ನಡದಲ್ಲೇ ಗದರಿ ಓಣಿಯ ನಡುವೆಯೇ ನಡೆದೆ.

ಇಂದಿಗೂ ನಡುವೆಯೇ ನಡೆಯುತ್ತೇನೆ. ಎದುರು ಬರುವವರು ನನ್ನನ್ನು ಕಂಡು ಗೋಡೆಗೆ ಸರಿಯುತ್ತಾರೆ. ನಾನು ದಾಟಿ ಹೋದ ಮೇಲೂ, ಇನ್ನೇನೋ ದಾಟಬೇಕಿದೆ ಎಂಬಂತೆ, ಸ್ವಲ್ಪ ಹೊತ್ತು ಹಾಗೇ ಅಂಟಿಕೊಂಡು ನಿಂತಿರುತ್ತಾರೆ.